ಊರಿಗೆ ಧೂಳು ಬಳಿದವರು ಯಾರು?

ಕೊಡಗಿನವರಿಗೆ ಕೋವಿ ಹೊಸತಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಅದರ ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆಯಿದೆ. ಕೋವಿ ಅದೇ, ಸದ್ದೂ ಅದೇ. ಆದರೆ ಕೇಳಿದ ನೆರೆಮನೆಯವರು ಒಮ್ಮೆ ಹಿಗ್ಗುತ್ತಾರೆ, ಇನ್ನೊಮ್ಮೆ ಮರುಗುತ್ತಾರೆ. ಆಯುಧಕ್ಕೆ ಅರ್ಥ ಬರುವುದು ಅದರ ಸುತ್ತ ನಾವು ಕಟ್ಟುವ ಸನ್ನಿವೇಶದಿಂದ.

ಇಂದು ಮಡಿಕೇರಿ, ವಿರಾಜಪೇಟೆಯ ಹುಡುಗರ ಮೊಬೈಲುಗಳಲ್ಲೂ ಗುಂಡು ಹಾರುತ್ತಿದೆ. ಹೆತ್ತವರು ‘ಇದು ಹಿಂಸೆ’ ಎಂದು ಗದರುತ್ತಾರೆ. ಮಕ್ಕಳು ‘ಬರೀ ಆಟ’ ಎನ್ನುತ್ತಾರೆ. ಆ ಆಟಕ್ಕೆ ಬಳಿದ ಬಣ್ಣವನ್ನೂ ಕೊಟ್ಟ ದನಿಯನ್ನೂ ಇಬ್ಬರೂ ಗಮನಿಸುವುದಿಲ್ಲ.

‘ಕಾಲ್ ಆಫ್ ಡ್ಯೂಟಿ’ ಸರಣಿಯನ್ನೇ ನೋಡಿ. 2003ರಲ್ಲಿ ಎರಡನೆಯ ಮಹಾಯುದ್ಧದ ಕಥೆಯೊಂದಿಗೆ ಶುರುವಾದ ಇದು 2007ರಲ್ಲಿ ‘ಮಾಡರ್ನ್ ವಾರ್‌ಫೇರ್’ ಆಗಿ ನಮ್ಮ ಕಾಲಕ್ಕೆ ಬಂತು. ಅದರಲ್ಲೊಂದು ಅರಬ್ ದೇಶವಿದೆ, ಅದಕ್ಕೆ ಹೆಸರಿಲ್ಲ. ಅಲ್ಲಿ ಅಣುಬಾಂಬ್ ಸಿಡಿಯುತ್ತದೆ. ಆಡುವವನು ಸಾಯುತ್ತಿರುವ ಅಮೆರಿಕನ್ ಸೈನಿಕನಾಗಿ ತೆವಳಬೇಕು. ಮಡಿದ ಸೈನಿಕರ ಹೆಸರುಗಳು ಪರದೆಯ ಮೇಲೆ ಸಾಲಾಗಿ ಸರಿಯುತ್ತವೆ. ಆ ನಗರದಲ್ಲಿ ಬಾಳುತ್ತಿದ್ದವರ ಹೆಸರುಗಳೆಲ್ಲಿ? ಕರುಣೆ ಯಾರಿಗೆ ಸಲ್ಲಬೇಕೆಂದು ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ, ದೃಶ್ಯವೇ ತೀರ್ಮಾನಿಸಿಬಿಡುತ್ತದೆ.

2009ರ ಆಟದಲ್ಲಿ ಕರಾಚಿಯ ಬೀದಿಯೊಂದಿದೆ. ಅಂಗಡಿಗಳ ಫಲಕಗಳು ಅರಬಿಯಲ್ಲಿವೆ! ಕರಾಚಿಯಲ್ಲಿ ಉರ್ದು ನಡೆಯುತ್ತದೆಂದು ಉರ್ದು ಶಾಲೆಯ ಎರಡನೇ ತರಗತಿಯ ಮಗುವೂ ಹೇಳೀತು. ಬಂದೂಕಿನ ಒಂದೊಂದು ತಿರುಪನ್ನೂ ತಪ್ಪಿಲ್ಲದೆ ಬಿಡಿಸುವವರಿಗೆ ಕೋಟಿಗಟ್ಟಲೆ ಜನರ ಭಾಷೆಯನ್ನು ವಿಚಾರಿಸುವ ವ್ಯವಧಾನವಿರಲಿಲ್ಲ. 2019ರ ಆಟದಲ್ಲಿ ‘ಸಾವಿನ ಹೆದ್ದಾರಿ’ ಬರುತ್ತದೆ. ಆ ಹೆಸರು 1991ರಲ್ಲಿ ಕುವೈತಿನಿಂದ ಇರಾಕಿಗೆ ಮರಳುತ್ತಿದ್ದವರ ಮೇಲೆ ಅಮೆರಿಕ ನೇತೃತ್ವದ ಪಡೆಗಳು ಬಾಂಬ್ ಸುರಿದ ರಸ್ತೆಯದು. ಆಟದಲ್ಲಿ ಅದನ್ನು ಕಲ್ಪಿತ ದೇಶಕ್ಕೆ ಸಾಗಿಸಿ, ಪಾಪವನ್ನು ರಷ್ಯನ್ನರ ತಲೆಗೆ ಕಟ್ಟಲಾಯಿತು.

ನಮ್ಮವರಿಗೂ ಒಂದು ಮಾತು. ಈ ಸರಣಿಯ ಆಟವೊಂದರ ಸ್ನಾನಗೃಹದ ಗೋಡೆಯಲ್ಲಿ ದೇವರು ಸೌಂದರ್ಯವನ್ನು ಮೆಚ್ಚುತ್ತಾನೆಂಬ ಅರ್ಥದ ಹದೀಸ್ ತೂಗುಹಾಕಿದ್ದನ್ನು ಮುಸ್ಲಿಮರು ವಿರೋಧಿಸಿದರು. 2012ರಲ್ಲಿ ಕಂಪನಿ ಆ ಭಾಗವನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಕುರ್‌ಆನಿನ ಹಾಳೆಗಳನ್ನು ನೆಲದ ಮೇಲೆ ಹರಡಿದ್ದಕ್ಕೆ ಕ್ಷಮೆ ಕೇಳಿತು. ಎರಡೂ ಪ್ರತಿಭಟನೆಗಳು ನ್ಯಾಯವಾದವು. ಆದರೆ ಅಕ್ಷರಗಳಿಗೆ ನೊಂದಷ್ಟು ಮನುಷ್ಯರ ಮುಖಗಳಿಗೆ ನಾವು ನೊಂದೆವೇ? ಹಾಳೆಯನ್ನು ಅಳಿಸುವುದು ಕಂಪನಿಗೆ ಒಂದು ದಿನದ ಕೆಲಸ. ಮಸೀದಿಯ ಗುಮ್ಮಟ ಕಂಡೊಡನೆ ಬೆರಳು ಕುದುರೆಗೆ ಹೋಗುವಂತೆ ರೂಢಿಸಿದ ಆ ಧೂಳಿನ ಬೆಳಕನ್ನು ಅಳಿಸುವವರು ಯಾರು?

ಎಮ್ಮೆಮಾಡಿನ ದರ್ಗಾ ಇರುವುದು ಧೂಳಿನಲ್ಲಲ್ಲ, ಮಳೆಯಲ್ಲಿ ತೊಯ್ದ ಹಸಿರಿನ ನಡುವೆ. ಅಲ್ಲಿಯ ಉರೂಸಿಗೆ ಎಲ್ಲ ಮತದವರೂ ಬರುತ್ತಾರೆ. ಕೊಡಗಿನ ಹುಡುಗ ಅದನ್ನು ಕಣ್ಣಾರೆ ಬಲ್ಲ. ಇಂಥ ನೆರೆಹೊರೆಯಿಲ್ಲದ ಊರಿನ ಹುಡುಗನಿಗೆ ಮುಸ್ಲಿಮನೆಂದರೆ ಪರದೆಯ ಮೇಲಿನ ಆ ಹಳದಿ ಗಲ್ಲಿ ಮಾತ್ರ.

ಮೊಬೈಲನ್ನು ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕುಳಿತು ಕೇಳಿ: ಈ ಬೀದಿಯಲ್ಲಿ ರೊಟ್ಟಿ ಸುಡುವವರಿಲ್ಲವೇ? ಶಾಲೆಗೆ ಹೋಗುವ ಹುಡುಗಿಯರಿಲ್ಲವೇ? ಅವರನ್ನೆಲ್ಲ ಯಾರು ತೆಗೆದರು, ಯಾಕೆ ತೆಗೆದರು? ಉತ್ತರವನ್ನು ಹುಡುಕಲು ಮಕ್ಕಳಿಗೆ ಗೊತ್ತಿದೆ. ಪ್ರಶ್ನೆಯನ್ನು ಕೇಳುವವರು ನಾವಾಗಬೇಕು.