ಗಿಟಾರಿನ ಪಕ್ಕದಲ್ಲೊಂದು ತಾಳದ ಪೆಟ್ಟಿಗೆ

ಮಿಸ್ಸಿಸಾಗಾ, ಬ್ರಾಂಪ್ಟನ್‌ಗಳಲ್ಲಿ ಗಿಟಾರ್ ಕಲಿಯುವ ನಮ್ಮ ಮಕ್ಕಳು ಸ್ಯಾಂಪ್ಲರ್ ಬೇಕೆನ್ನುವುದುಂಟು. ರೆಕಾರ್ಡ್ ಮಾಡಿದ ನಾದ ಅದರ ಗುಂಡಿ ಒತ್ತಿದಾಗಲೆಲ್ಲ ನುಡಿಯುತ್ತದೆ; ಒಳಗಿರುವ ಸೀಕ್ವೆನ್ಸರ್ ಆ ನಾದಗಳನ್ನು ನಾವು ಹೇಳಿದ ಕ್ರಮದಲ್ಲಿ ಬಾರಿಸುತ್ತದೆ. "ಎಲ್ಲ ಯಂತ್ರವೇ ನುಡಿಸಿದರೆ ಮಗು ಕಲಿಯುವುದೇನು?" ಎಂಬುದು ಪೋಷಕರ ಪ್ರಶ್ನೆ.

ಸಂಗೀತಕ್ಕೆ ಯಂತ್ರ ಹೊಸದಲ್ಲ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅದರ ಶ್ರುತಿಗೆ ಹಾಡಿದವರು ಸಾಧನೆ ಬಿಡಲಿಲ್ಲ. 1988ರಲ್ಲಿ ಬಂದ ಅಕೈ ಎಂಪಿಸಿ60 ಸ್ಯಾಂಪ್ಲರನ್ನು ವಿನ್ಯಾಸ ಮಾಡಿದ ರೋಜರ್ ಲಿನ್ ಕೂಡ ಗಿಟಾರ್ ವಾದಕರೇ.

ಆದರೆ ತಾಳ ಮೊದಲು ಕೈಗೆ ಬರಬೇಕು. ಅಕ್ಷರಕ್ಕೆ ಎರಡರಂತೆ ಆದಿತಾಳದ 8 ಅಕ್ಷರಗಳು ಸೀಕ್ವೆನ್ಸರಿನ 16 ಮನೆಗಳಲ್ಲಿ ಸರಿಯಾಗಿ ಕೂರುತ್ತವೆ. ಖಂಡಛಾಪಿನ 5 ಎಣಿಕೆಗೆ 10 ಮನೆ ಸಾಕು. ಉಳಿದ 6ನ್ನು ಬಿಡಬೇಕೆಂದು ಯಂತ್ರ ಹೇಳದು. ಕೈತಾಳ ಬಲ್ಲ ಮಗುವಿಗೆ ಮಾತ್ರ ಅದು ಹೊಳೆಯುತ್ತದೆ.

ಮಕ್ಕಳೇ, ಮೊದಲು ನಾಲ್ಕೇ ಗುಂಡಿಗಳಿಗೆ ನಿಮ್ಮ ಗಿಟಾರಿನ ನಾದವನ್ನೇ ತುಂಬಿ, ವಿಳಂಬದಲ್ಲಿ ಜೊತೆಗೆ ನುಡಿಸಿ. ಯಂತ್ರ ಓಡುವುದಿಲ್ಲ, ನಿಮಗಾಗಿ ಕಾಯುವುದೂ ಇಲ್ಲ. ಲಯ ತಪ್ಪಿದ ಜಾಗ ತಾನೇ ತಿಳಿಯುತ್ತದೆ. ಪೋಷಕರೇ, ಬೇಡ ಎನ್ನುವ ಮೊದಲು ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ತಾಳ ಹಾಕಿ ನೋಡಿ.