ಬಸ್ಸಿನ ನಷ್ಟಕ್ಕೆ ನೌಕರರೇ ಕಾರಣವೇ?

ನಿಗಡಿ, ಭೋಸರಿ, ಚಿಂಚವಾಡ ಕಡೆಯಿಂದ ನಿತ್ಯ ಕೆಲಸಕ್ಕೆ ಹೋಗುವ ನಮ್ಮವರಲ್ಲಿ ಅನೇಕರಿಗೆ ಪಿಎಂಪಿಎಂಎಲ್ ಬಸ್ಸೇ ಆಧಾರ. 2025ರ ಜೂನ್ 1ರಿಂದ ಅದರ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಸಂಸ್ಥೆ ನಷ್ಟದಲ್ಲಿದೆ, ನೌಕರರ ಸಂಬಳವೇ ದೊಡ್ಡ ಹೊರೆ ಎಂಬ ಮಾತು ಬಸ್ ನಿಲ್ದಾಣದಲ್ಲೂ ನಮ್ಮ ಸಂಘದ ಸಭೆಗಳಲ್ಲೂ ಕೇಳಿಬರುತ್ತದೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ಕೂದಲು ಹಣ್ಣಾದ ನನಗೆ ಇದು ಅರ್ಧ ಲೆಕ್ಕ ಎನಿಸುತ್ತದೆ.

ಮೊದಲು ಜಮೆಯ ಬದಿ ನೋಡೋಣ. 1982ರಲ್ಲಿ ಸ್ಥಾಪನೆಯಾದ ನಮ್ಮ ಮಹಾನಗರ ಪಾಲಿಕೆಯ ಮುಖ್ಯ ಆದಾಯ ಜಕಾತಿ. ಕಾರ್ಖಾನೆಗಳಿಗೆ ಬರುವ ಸರಕಿನ ಮೇಲೆ ಪಾಲಿಕೆಯೇ ಅದನ್ನು ವಸೂಲಿ ಮಾಡುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಎಲ್‌ಬಿಟಿ ಬಂತು. 2015ರ ಆಗಸ್ಟ್‌ನಲ್ಲಿ ಹೆಚ್ಚಿನ ವ್ಯಾಪಾರಿಗಳಿಗೆ ಅದೂ ರದ್ದಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ಪಾಲಿಕೆ ರಾಜ್ಯ ಸರಕಾರದ ಪರಿಹಾರ ಧನಕ್ಕೆ ಕಾಯುವಂತಾಗಿದೆ. ತಿಜೋರಿ ಇಲ್ಲಿ, ಕೀಲಿಕೈ ಮುಂಬಯಿಯಲ್ಲಿ!

ಇನ್ನು ಖರ್ಚಿನ ಬದಿ. 2007ರಲ್ಲಿ ಪುಣೆಯ ಪಿಎಂಟಿ ಹಾಗೂ ನಮ್ಮ ಪಿಸಿಎಂಟಿ ವಿಲೀನಗೊಂಡು ಪಿಎಂಪಿಎಂಎಲ್ ಆಯಿತು. ಅದರ ನಷ್ಟದಲ್ಲಿ ಶೇ. 60ನ್ನು ಪುಣೆ ಪಾಲಿಕೆ, ಶೇ. 40ನ್ನು ನಮ್ಮ ಪಾಲಿಕೆ ತುಂಬಿಕೊಡಬೇಕು. ಖರ್ಚು ಇಳಿಸಲೆಂದು ಗುತ್ತಿಗೆದಾರರ ಬಸ್ಸುಗಳನ್ನು ಕಿಲೋಮೀಟರ್ ಲೆಕ್ಕದಲ್ಲಿ ಓಡಿಸತೊಡಗಿದರು. ಆದರೆ ಸಂಬಳದ ಖಾತೆಯಿಂದ ತೆಗೆದು ಗುತ್ತಿಗೆ ಬಿಲ್ಲಿನ ಖಾತೆಗೆ ಬರೆದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲ.

ಓದುಗರಿಗೆ ನೆನಪಿರಬಹುದು, 2023ರ ಮಾರ್ಚ್ 5ರಂದು ಬಾಕಿ ಹಣ ಬಂದಿಲ್ಲವೆಂದು ಗುತ್ತಿಗೆದಾರರು ಬಸ್ಸುಗಳನ್ನು ನಿಲ್ಲಿಸಿಬಿಟ್ಟರು. ಅದು ಮಾಲಕರ ಮುಷ್ಕರ. ಪರದಾಡಿದವರು ಪ್ರಯಾಣಿಕರು. ಅಂದು ರಸ್ತೆಗಿಳಿದದ್ದು ಸಂಸ್ಥೆಯ ಸ್ವಂತ ಬಸ್ಸುಗಳು. ಓಡಿಸಿದವರು "ಹೊರೆ" ಎನಿಸಿಕೊಂಡ ಅದೇ ನೌಕರರು. ಹಣ್ಣು ತಿಂದವ ನುಣುಚಿಕೊಂಡ, ಸಿಪ್ಪೆ ತಿಂದವ ಸಿಕ್ಕಿಬಿದ್ದ ಎಂಬಂತೆ ನಷ್ಟದ ಅಪವಾದ ಮಾತ್ರ ಅವರ ತಲೆಗೆ. ಗುತ್ತಿಗೆ ಬೇಡ, ಸ್ವಂತ ಬಸ್ಸು ಬೇಕು ಎಂಬ ಕಾರ್ಮಿಕ ಸಂಘಟನೆಗಳ ಬೇಡಿಕೆಯಲ್ಲಿ ನಮ್ಮ ಹಿತವೂ ಇದೆ ಎಂಬುದು ಆ ದಿನ ಗೊತ್ತಾಯಿತು.

ಸಂಘಟನೆ ಗಟ್ಟಿಯಾಗಿ ನಿಂತರೆ ಏನಾಗಬಹುದು ಎನ್ನುವುದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆಯಿದೆ. 2022ರ ಜುಲೈ 1ರಿಂದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕಾಯಮಾತಿಗೆ ಪಟ್ಟುಹಿಡಿದರು. ಸರಕಾರ ಭರವಸೆ ಕೊಟ್ಟಿತು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ನಗರಕ್ಕೆ ನಿತ್ಯ ಬೇಕಾದ ಕೆಲಸಕ್ಕೆ ನಿತ್ಯದ ನೌಕರರು ಬೇಕು ಎಂಬ ಮಾತನ್ನು ಕೊನೆಗೂ ಒಪ್ಪಬೇಕಾಯಿತು.

ಹಾಗೆಂದು ಸಂಘಟನೆಗಳಲ್ಲಿ ದೋಷವೇ ಇಲ್ಲವೆಂದಲ್ಲ. ಬೋನಸ್, ವೇತನ ಆಯೋಗ ಎಂದಾಗ ಕೇಳುವ ಧ್ವನಿ, ಪಕ್ಕದಲ್ಲೇ ದುಡಿಯುವ ಗುತ್ತಿಗೆ ಚಾಲಕನ ಸಂಬಳ ತಡವಾದಾಗ ಕೇಳಿಸುವುದಿಲ್ಲ. ಬ್ಯಾಂಕ್ ನೌಕರರಾದ ನಾವೂ ಇದಕ್ಕೆ ಹೊರತಲ್ಲ. ಪ್ರಯಾಣಿಕರ ಕಷ್ಟವನ್ನೂ ತನ್ನ ಬೇಡಿಕೆ ಪಟ್ಟಿಯಲ್ಲಿ ಸೇರಿಸಿಕೊಂಡ ಸಂಘಟನೆಗೆ ಮಾತ್ರ ಜನರ ಬೆಂಬಲ ಸಿಗುತ್ತದೆ.

2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಪಾಲಿಕೆಯ ಬಜೆಟ್ಟನ್ನು ಆಡಳಿತಾಧಿಕಾರಿಗಳೇ ಮಂಜೂರು ಮಾಡಿದರು. 2026ರ ಜನವರಿಯಲ್ಲಿ ಚುನಾವಣೆ ನಡೆದು ನಗರಸೇವಕರು ಬಂದಿದ್ದಾರೆ. ರಾಜ್ಯೋತ್ಸವಕ್ಕೆ ಅವರನ್ನು ಕರೆದು ಶಾಲು ಹೊದಿಸುವುದು ನಮ್ಮ ಪದ್ಧತಿ. ಈ ಸಲ ಶಾಲಿನ ಜೊತೆಗೆ ಮೂರು ಪ್ರಶ್ನೆಗಳನ್ನೂ ಇಡೋಣ. ನಮ್ಮ ಪಾಲಿನ ಶೇ. 40 ಸಕಾಲಕ್ಕೆ ಸಂದಾಯವಾಗುತ್ತಿದೆಯೇ? ಸ್ವಂತ ಬಸ್ಸು ಎಷ್ಟು ಕೊಳ್ಳುತ್ತೀರಿ? ಖಾಲಿ ಇರುವ ಚಾಲಕ, ನಿರ್ವಾಹಕ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ? ಟಿಕೇಟಿಗೆ ಹೆಚ್ಚು ಹಣ ಕೊಡುತ್ತಿರುವವರು ನಾವು. ಲೆಕ್ಕ ಕೇಳುವ ಹಕ್ಕೂ ನಮ್ಮದೇ.