ಹಂದಿ ಕಾಯಲು ರೈಫಲ್ ಯಾಕೆ ಸ್ವಾಮಿ?

ಭತ್ತ ಹಾಲುಗಟ್ಟಿದರೆ ಹಂದಿ ಬರುತ್ತದೆ. ಜೋಳ ತೆನೆ ಬಿಟ್ಟರೆ ಬರುತ್ತದೆ. ಬಾಳೆಗಡ್ಡೆ ಬಲಿತರೂ ಬರುತ್ತದೆ. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲು. ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಿಂತವನಿಗೆ ಬರುವ ಸಿಟ್ಟನ್ನು ಪೇಟೆಯವರಿಗೆ ವಿವರಿಸುವುದು ಕಷ್ಟ. ನಮಗೆ ನಿಮಗೆ ವಿವರಿಸಬೇಕಿಲ್ಲ.

ಆ ಸಿಟ್ಟಿನಲ್ಲಿ ಯಾರಾದರೂ "ಒಂದು ಕೋವಿ ಮಾಡಬೇಕು" ಎಂದರೆ ಸಾಕು, ಸಲಹೆ ಕೊಡುವವರು ಹುಟ್ಟಿಕೊಳ್ಳುತ್ತಾರೆ. "ಮಾಡೋದಾದ್ರೆ ರೈಫಲ್ಲೇ ಮಾಡು ಮಾರಾಯ. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಒಂದೇ ಸಲ ಒಳ್ಳೇದು ತಗೋ. ಹನ್ನೆರಡು ಬೋರಿನ ಕೋವೀಲಿ ಹಂದಿ ಬೀಳಲ್ಲ." ಯೂಟ್ಯೂಬಿನಲ್ಲಿ ಅಮೆರಿಕದವರು ದುರ್ಬೀನು ಕಟ್ಟಿದ ರೈಫಲ್ಲಿನಿಂದ ಹಂದಿ ಹೊಡೆಯುವ ವಿಡಿಯೊ ನೋಡಿದ ಹುಡುಗರಂತೂ ಬೇರೆ ಮಾತೇ ಕೇಳುವುದಿಲ್ಲ.

ಈ ಸಲಹೆ ತಪ್ಪು. ಕಾನೂನಿಗೂ ತಪ್ಪು, ಜೇಬಿಗೂ ತಪ್ಪು, ಪಕ್ಕದ ಗದ್ದೆಯವನ ಜೀವಕ್ಕಂತೂ ದೊಡ್ಡ ತಪ್ಪು. ಬೆಳೆ ಕಾಯುವ ರೈತನ ಮೊದಲ ಕೋವಿ ರೈಫಲ್ ಆಗಬಾರದು.

ಶಿಕಾರಿಯ ಮಾತು ಮೊದಲು ಮುಗಿಸೋಣ

"ಶಿಕಾರಿ ರೈಫಲ್" ಎಂದು ಕೇಳುವವರು ಒಂದು ಮರೆಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಹವ್ಯಾಸದ ಬೇಟೆ ಎಂಬುದಿಲ್ಲ. ಕಾಡುಹಂದಿ ಈಗ ಎರಡನೇ ಪರಿಚ್ಛೇದದಲ್ಲಿದೆ. ಹೊಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಬೆಳೆಗೆ ಅಪಾಯ ಮಾಡುವ ಹಂದಿಯನ್ನು ಕೊಲ್ಲಲು ಇದೇ ಕಾಯ್ದೆಯ 11ನೇ ಕಲಮಿನಲ್ಲಿ ದಾರಿ ಇದೆ, ಆದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆದರೆ ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು, ನಿಮ್ಮ ಮನೆಯ ಸಾರಿಗಲ್ಲ.

ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ. ಅದು ಆಯುಧ ಕಾಯ್ದೆಯ ವಿನಾಯಿತಿ, ಬೇಟೆಯ ವಿನಾಯಿತಿ ಅಲ್ಲ.

ಹಾಗಾದರೆ ರೈತನಿಗೆ ಕೋವಿ ಯಾಕೆ? ಬಹುಪಾಲು ರಾತ್ರಿ ಅದರ ಕೆಲಸ ಸದ್ದು ಮಾಡಿ ಹಿಂಡು ಚದುರಿಸುವುದು. ಅನುಮತಿ ಕೈಗೆ ಬಂದಾಗ ಹತ್ತಿರದಿಂದ ಒಂದು ಈಡು ಹೊಡೆಯುವುದು. ಈ ಎರಡು ಕೆಲಸಕ್ಕೆ ರೈಫಲ್ ಬೇಕಿಲ್ಲ.

ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ?

ರೈಫಲ್ಲಿನ ನಳಿಗೆಯೊಳಗೆ ತಿರುಚಿದ ಗೆರೆಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ, ದೂರ ಹೋಗುತ್ತದೆ. ನಮ್ಮ ದೇಶದ ಆರ್ಡನೆನ್ಸ್ ಕಾರ್ಖಾನೆಯ .315 ರೈಫಲ್ ಇರಲಿ, .30-06 ಇರಲಿ, ಗುರಿ ತಪ್ಪಿದ ಗುಂಡು ಎರಡು ಕಿಲೋಮೀಟರ್ ದಾಟಿ ಹೋಗಬಲ್ಲದು. ಕಲ್ಲಿಗೆ ತಗುಲಿದರೆ ದಿಕ್ಕು ಬದಲಿಸುತ್ತದೆ.

ತೋಟಾ ಕೋವಿಯ ನಳಿಗೆ ಒಳಗೆ ನುಣುಪು. ಚರೆ ನಲವತ್ತು ಮೀಟರ್ ಆಚೆಗೆ ಬಲ ಕಳೆದುಕೊಳ್ಳುತ್ತ ಹೋಗುತ್ತದೆ. ದಪ್ಪ ಚರೆ ಕೆಲವು ನೂರು ಮೀಟರಿನಲ್ಲಿ ನೆಲ ಹಿಡಿಯುತ್ತದೆ. ಇದನ್ನೇ ರೈಫಲ್ ಪ್ರಿಯರು ಕೊರತೆ ಎನ್ನುವುದು. ನನ್ನ ಪ್ರಕಾರ ಹಳ್ಳಿಗೆ ಇದೇ ಅದರ ದೊಡ್ಡ ಗುಣ.

ನಿಮ್ಮ ತೋಟದ ಸುತ್ತ ಒಮ್ಮೆ ನೋಡಿ. ಅಲ್ಲೊಂದು ಒಂಟಿ ಮನೆ, ಇಲ್ಲೊಂದು ಕೊಟ್ಟಿಗೆ. ಪಕ್ಕದ ಗದ್ದೆಯ ಮಾಳದಲ್ಲಿ ನಿಮ್ಮಂತೆಯೇ ಹಂದಿ ಕಾಯುತ್ತ ಕುಳಿತ ಇನ್ನೊಬ್ಬ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ನಿಮಗೆ ಕಾಣುವುದು ಮೂವತ್ತು ನಲವತ್ತು ಮೀಟರ್. ಅದರಾಚೆ ಏನಿದೆ ಎಂದು ತಿಳಿಯದೆ ಎರಡು ಕಿಲೋಮೀಟರ್ ಹೋಗುವ ಗುಂಡನ್ನು ಬಿಡುವುದು ಯಾವ ನ್ಯಾಯ? ಹಂದಿ ಎಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಹೊಸದಲ್ಲ. ಸತ್ತವನು ಬಹಳ ಸಲ ಹೊಡೆದವನ ನೆಂಟನೋ ಗೆಳೆಯನೋ ಆಗಿರುತ್ತಾನೆ.

"ಹನ್ನೆರಡು ಬೋರಿನಲ್ಲಿ ಹಂದಿ ಬೀಳಲ್ಲ" ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಸಣ್ಣ ಚರೆಯಲ್ಲಿ ದೂರದಿಂದ ಹೊಡೆದರೆ ಬೀಳುವುದಿಲ್ಲ, ಗಾಯಗೊಂಡು ಓಡುತ್ತದೆ, ಮರುದಿನ ಸೊಪ್ಪಿಗೆ ಹೋದವರ ಮೇಲೆ ತಿರುಗಿ ಬೀಳುತ್ತದೆ. ಎಲ್.ಜಿ. ತೋಟಾ ಹಾಕಿ ಇಪ್ಪತ್ತೈದು ಮೂವತ್ತು ಮೀಟರಿನೊಳಗೆ ಹೊಡೆದರೆ ಬೀಳುತ್ತದೆ. ಅಷ್ಟು ಹತ್ತಿರ ಬರುವವರೆಗೆ ಕಾಯುವ ತಾಳ್ಮೆ ಇಲ್ಲದವನ ಕೈಗೆ ರೈಫಲ್ ಕೊಟ್ಟರೂ ಗಾಯಗೊಂಡ ಹಂದಿಯೇ ಸಿಗುವುದು.

ಕಾನೂನು ನಿಮ್ಮ ಕಡೆಗೇ ಇದೆ, ಓದಿ

1959ರ ಆಯುಧ ಕಾಯ್ದೆಯ 13ನೇ ಕಲಮು ಎರಡು ಬಾಗಿಲು ಇಟ್ಟಿದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಅಥವಾ ರಕ್ಷಣೆಗೆಂದು 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಕೋವಿ ಕೇಳಿದರೆ, ನಿರಾಕರಿಸಲು ಕಾನೂನಿನ ಕಾರಣ ಇಲ್ಲದಿದ್ದರೆ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ. ಮದ್ದಿನ ಕೋವಿ ಬೆಳೆ ಕಾಯಲು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು ಎಂದೂ ಬರೆದಿದೆ. ಇದು ಮೊದಲ ಬಾಗಿಲು.

ರೈಫಲ್ ಇರುವುದು ಎರಡನೇ ಬಾಗಿಲಿನಲ್ಲಿ. ಅಲ್ಲಿ "ಸೂಕ್ತ ಕಾರಣ ಇದೆ" ಎಂದು ಅಧಿಕಾರಿಗೆ ತೃಪ್ತಿಯಾಗಬೇಕು. ಅಂದರೆ ರೈಫಲ್ ಕೇಳಿದ ಕೂಡಲೇ ನೀವು ಹಕ್ಕಿನ ಸಾಲಿನಿಂದ ಎದ್ದು ಕೃಪೆಯ ಸಾಲಿಗೆ ಹೋಗಿ ನಿಂತಿರಿ. ಆಮೇಲೆ ಫೈಲು ಓಡಾಡಲಿಲ್ಲ ಎಂದರೆ ಏನು ಹೇಳೋಣ?

ಇನ್ನೂ ಮೂರು ಮಾತು ಜೇಬಿನಲ್ಲಿಟ್ಟುಕೊಳ್ಳಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಪೊಲೀಸ್ ವರದಿ ನಿಗದಿತ ಅವಧಿಯಲ್ಲಿ ಬರದಿದ್ದರೆ ಅದಕ್ಕೆ ಕಾಯದೆ ತೀರ್ಮಾನ ಮಾಡುವ ಅಧಿಕಾರ ಲೈಸೆನ್ಸ್ ಅಧಿಕಾರಿಗೆ ಇದೆ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ನೀವು ಮೇಲ್ಮನವಿ ಹಾಕಬಹುದು. ಅರ್ಜಿಯ ಜೊತೆ ಪಹಣಿ, ಹಾಳಾದ ಬೆಳೆಯ ಫೋಟೊ, ಅರಣ್ಯ ಇಲಾಖೆಗೆ ಕೊಟ್ಟ ಬೆಳೆಹಾನಿ ಅರ್ಜಿಯ ಪ್ರತಿ ಇಡಿ. "ಹಂದಿ ಕಾಟ ಇದೆ" ಎಂಬ ಬಾಯಿಮಾತಿಗಿಂತ ಆ ಪ್ರತಿಗೆ ತೂಕ ಹೆಚ್ಚು.

ದುಡ್ಡಿನ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಅಟ್ಟ ನೋಡಿ. ಅಪ್ಪನ ಹೆಸರಿನಲ್ಲಿ ಲೈಸೆನ್ಸ್ ಕೋವಿ ಇದೆಯೇ? ಇಟ್ಟುಕೊಂಡವರಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. ಅವರು ತೀರಿಕೊಂಡಿದ್ದರೂ ಇದೆ. ಕೋವಿಗೆ ಕೊಡುವ ದುಡ್ಡು ಪೂರ್ತಿ ಉಳಿಯಿತು.

ಹಾಗಿಲ್ಲದಿದ್ದರೆ ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ ಕೋವಿ, ಹಳೆಯದಾದರೂ ಸರಿ. ಆದರೆ ಕಣ್ಣುಮುಚ್ಚಿ ತರಬೇಡಿ. ಮಡಚಿ ಮುಚ್ಚಿದ ಮೇಲೆ ನಳಿಗೆ ಅಲುಗಾಡಬಾರದು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ತುಕ್ಕಿನ ಗುಂಡಿ, ಹೊರಗೆ ತಗ್ಗು ಇರಬಾರದು. ಹಳೆಯ ವಿಲಾಯಿತಿ ಕೋವಿಗಳಲ್ಲಿ ತೋಟಾ ಕೂರುವ ಜಾಗ ಎರಡೂವರೆ ಇಂಚು ಇರುವುದುಂಟು, ಅದಕ್ಕೆ ಉದ್ದದ ತೋಟಾ ಹಾಕಬಾರದು. ಹೆಣೆದಂತೆ ಚಿತ್ತಾರ ಕಾಣುವ ಡಮಾಸ್ಕಸ್ ನಳಿಗೆ ಇದ್ದರೆ ಗೋಡೆಗೆ ಚಂದ, ಇಂದಿನ ತೋಟಾಕ್ಕೆ ಅಪಾಯ. ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿಯೇ ದುಡ್ಡು ಕೊಡಿ.

ಉಳಿದ ದುಡ್ಡಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ, ಸುರಕ್ಷತಾ ತರಬೇತಿ, ಒಳ್ಳೆಯ ಬ್ಯಾಟರಿ. ರೈಫಲ್ಲಿಗೆ ಎಲ್ಲ ದುಡ್ಡು ಸುರಿದವನು ಕೊನೆಗೆ ಅದನ್ನು ಬಾಗಿಲ ಹಿಂದೆ ಒರಗಿಸಿ ಇಡುತ್ತಾನೆ, ಮಕ್ಕಳ ಕೈಗೆ ಸಿಗುವಂತೆ.

ಕಳ್ಳಕೋವಿ ಯಾಕೆ ಹುಟ್ಟುತ್ತದೆ?

ಇಷ್ಟೆಲ್ಲ ಯಾಕೆ, ಪೈಪಿನ ನಾಡಕೋವಿ ಒಂದು ಮಾಡಿಸಿದರಾಯಿತು ಎನ್ನುವವರಿದ್ದಾರೆ. ನೀರಿನ ಪೈಪು ಮದ್ದಿನ ಒತ್ತಡಕ್ಕೆ ಮಾಡಿದ್ದಲ್ಲ. ಸಿಡಿದರೆ ಮೊದಲು ಹೋಗುವುದು ಹಿಡಿದವನ ಕೈ, ಕಣ್ಣು. 2019ರ ತಿದ್ದುಪಡಿಯ ಮೇಲೆ ಕಳ್ಳಕೋವಿ ಮಾಡಿಕೊಟ್ಟವನಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಇಟ್ಟುಕೊಂಡವನೂ ಜೈಲಿಗೇ.

ಆದರೆ ಬೈಗುಳ ಪೂರ್ತಿ ರೈತನಿಗೇ ಹೋಗುವುದನ್ನು ನಾವು ಒಪ್ಪುವುದಿಲ್ಲ. ಕಾನೂನಿನ ದಾರಿಯಲ್ಲಿ ಹೋದವನ ಅರ್ಜಿ ಠಾಣೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಅರಣ್ಯ ಇಲಾಖೆಗೆ ಅಲೆಯುತ್ತ ಕೂತರೆ, ಎರಡು ಬೆಳೆ ಹಂದಿಗೆ ಹೋದರೆ, ಅವನು ಉರುಳು ಕಟ್ಟುತ್ತಾನೆ, ಸಿಡಿಮದ್ದು ಇಡುತ್ತಾನೆ, ಬೇಲಿಗೆ ಕರೆಂಟು ಕೊಡುತ್ತಾನೆ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಗೆ ಆನೆ, ದನ, ಕೆಲವೊಮ್ಮೆ ಮನೆಯ ಮಗನೇ. ಲೈಸೆನ್ಸ್ ಕೋವಿ ತಡವಾದರೆ ಕಾಡಿಗೂ ಊರಿಗೂ ನಷ್ಟ.

ಚುನಾವಣೆಯ ಕಥೆ ಇನ್ನೊಂದು. 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಏಪ್ರಿಲ್ ಮೇಯಲ್ಲಿ ಲೋಕಸಭೆ, ಆಮೇಲೆ ಸ್ಥಳೀಯ ಚುನಾವಣೆ. ಪ್ರತಿ ಸಲ "ಕೋವಿ ಠಾಣೆಗೆ ತಂದಿಡಿ" ಎಂಬ ಕರೆ. ಚುನಾವಣಾ ಆಯೋಗದ ಸೂಚನೆ ಎಲ್ಲರ ಕೋವಿಯನ್ನೂ ಬಾಚಿಕೊಳ್ಳಿ ಎನ್ನುವುದಿಲ್ಲ. ಜಾಮೀನಿನ ಮೇಲೆ ಇರುವವರು, ಗಲಭೆ ಮತ್ತು ಅಪರಾಧದ ಹಿನ್ನೆಲೆ ಇರುವವರು ಯಾರು ಎಂದು ಜಿಲ್ಲೆಯ ಪರಿಶೀಲನಾ ಸಮಿತಿ ನೋಡಬೇಕು ಎನ್ನುತ್ತದೆ. ಹಂದಿಗೆ ನೀತಿ ಸಂಹಿತೆ ಇಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರು ಆ ಸಮಿತಿಗೆ ವಿನಾಯಿತಿಯ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೇರಳ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಬೆಳೆ ಹಾಳು ಮಾಡುವ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಕೊಟ್ಟಿತು, ಷರತ್ತುಗಳೊಂದಿಗೆ. ಅಲ್ಲಿ ಹಂದಿ ಕಾಟ ನಿಂತಿದೆ ಎಂದಲ್ಲ. ಆದರೆ ಅನುಮತಿ ಊರಿನ ಹತ್ತಿರಕ್ಕೆ ಬಂತು. ನಾವು ಕೇಳಬೇಕಿರುವುದು ಅದನ್ನು. ಮುಂದಿನ ಗ್ರಾಮಸಭೆಯಲ್ಲಿ ಎರಡು ನಿರ್ಣಯ ಬರೆಸಿ: ಬೆಳೆ ರಕ್ಷಣೆಯ ಕೋವಿ ಅರ್ಜಿಗಳು ನಿಗದಿತ ಅವಧಿಯಲ್ಲಿ ತೀರ್ಮಾನವಾಗಲಿ, 11ನೇ ಕಲಮಿನ ಅನುಮತಿ ಕೊಡುವ ಅಧಿಕಾರಿ ತಾಲ್ಲೂಕಿನಲ್ಲೇ ಸಿಗಲಿ. ರೈಫಲ್ ಯಾವುದು ಒಳ್ಳೆಯದು ಎಂದು ಚರ್ಚೆ ಮಾಡುವ ಹೊತ್ತಿನಲ್ಲಿ ಇಷ್ಟು ಬರೆಸಿದರೆ ಈ ಸಲದ ಭತ್ತ ಅಲ್ಲದಿದ್ದರೂ ಮುಂದಿನ ಸಲದ್ದು ಕಣ ಸೇರೀತು.